ಅಂಬವ್ವನ ತಲೆಯೊಳಗಿನ ತಂಬಿಗೆ

ನಾನು ಒಂದು ತಾಮ್ರದ ತಂಬಿಗೆ. ನಂಬುವುದಿಲ್ಲ, ಅಲ್ಲವೇ? ನಿಮಗೆ ಕಾಣುತ್ತಿರುವುದು ಶಾಲೆಯ ಗಾಜಿನ ಬೀರುವಿನಲ್ಲಿ ಕುಳಿತ ಅಂಬವ್ವ ಎಂಬ ಮುದುಕಿಯ ತಲೆ, ಅದೂ ಕಾಗದದ್ದು. ಆ ತಲೆಯ ಒಳಗೆ, ಗಾಳಿ ಬೆಳಕು ಸುಳಿಯದ ಕಡೆ, ತಲೆಕೆಳಗಾಗಿ ಸಿಕ್ಕಿಬಿದ್ದಿರುವುದು ನಾನು. ಮೂರು ಲೋಕ ಹುಡುಕಿದರೂ ನನ್ನಂಥ ತಂಬಿಗೆ ಇನ್ನೊಂದಿಲ್ಲ. ಇದು ಜಂಬವಲ್ಲ, ಸುದ್ದಿ.

ನಾನು ಹುಟ್ಟಿದ್ದು ಗದಗಿನ ಕಂಚುಗಾರರ ಕೈಯಲ್ಲಿ. ನನ್ನನ್ನು ಬಡಿಯುವ ಸದ್ದಿಗೆ ಹುಬ್ಬಳ್ಳಿಯ ರೈಲು ಹೆದರಿ ದಾರಿಯಲ್ಲೇ ನಿಂತಿತ್ತು. ತಿಕ್ಕಿ ಬೆಳಗಿಸಿ ಅಂಗಡಿಯ ಮುಂದೆ ಇಟ್ಟಾಗ ಜನ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆದರು. ಅಂಬವ್ವನ ಮದುವೆಯಲ್ಲಿ ಅವಳ ತಾಯಿ ನನ್ನನ್ನು ಕೊಂಡು ಮಗಳ ಜೊತೆ ಕಳಿಸಿದಳು. ನಿಜವಾಗಿ ನೋಡಿದರೆ ಬೆಟಗೇರಿಯ ಆ ನೇಕಾರರ ಮನೆಗೆ ಬಂದ ಸೊಸೆ ನಾನೇ, ಅಂಬವ್ವ ನನ್ನ ಜೊತೆ ಬಂದವಳು.

ಅಲ್ಲಿ ನಾನು ಮಾಡದ ಕೆಲಸವಿಲ್ಲ. ಬಂದವರಿಗೆಲ್ಲ ನೀರು ಕೊಟ್ಟೆ. ಹೊಟ್ಟೆಯಲ್ಲಿ ಕೆಂಡ ತುಂಬಿಕೊಂಡು ಅವಳ ಗಂಡನ ಅಂಗಿಗೆ ಇಸ್ತ್ರಿ ಹಾಕಿದೆ. ಮುಂಜಾನೆ ಅಂಬವ್ವ ಕುಡಿಯುತ್ತಿದ್ದದ್ದು ನನ್ನಲ್ಲಿ ಇಟ್ಟ ನೀರನ್ನು ಮಾತ್ರ. ನೆಲದ ಮೇಲೆ ಕೂತ ನನಗೆ ಅವಳು ಕಾಣುತ್ತಿದ್ದದ್ದು ಕೆಳಗಿನಿಂದ: ಮೊದಲು ಕಾಲುಂಗುರ, ಆಮೇಲೆ ಸೀರೆಯ ಅಂಚು, ಎಲ್ಲಕ್ಕೂ ಮೇಲೆ ಗೋಪುರದಂಥ ಮೂಗು.

ನನ್ನನ್ನು ಈ ಸೆರೆಗೆ ತಳ್ಳಿದವಳು ಅವಳ ಮೊಮ್ಮಗಳು, ಒಂಬತ್ತನೆಯ ಇಯತ್ತೆಯ ಮಂದಾಕಿನಿ. ಒಂದು ಸಂಜೆ ಮನೆಗೆ ಬಂದವಳೇ ಡ್ರಾಯಿಂಗ್ ಕಲಿಸುವ ಜಾಲಿಹಾಳ ಸರ್ ದನಿಯನ್ನು ಹಾಗೇ ಮಾಡಿ ತೋರಿಸಿದಳು: "ಮನ್ಯಾಗಿನವರು ಒಬ್ಬರ ತಲಿ ಮಾಡ್ಕೊಂಡ ಬರ್ರಿ, ಕುತ್ತಿಗಿ ಸಮೇತ! ನಿಮ್ಮ ಕೈಲೇ ಆಗಬೇಕು. ಅಂಗಡ್ಯಾಗ ಕೊಂಡದ್ದು, ಅವ್ವ ಮಾಡಿಕೊಟ್ಟದ್ದು ತಂದವರಿಗೆ ಸೊನ್ನಿ! ಛಲೋ ಮಾಡಿದವರಿಗೆ ಶನಿವಾರದ ಡ್ರಾಯಿಂಗ್ ಕ್ಲಾಸು!" ಆ ಶನಿವಾರದ ಕ್ಲಾಸಿಗಾಗಿ ಮಂದಾ ಊಟ ಬಿಡಲೂ ತಯಾರಿದ್ದಳು.

ರದ್ದಿ ಕಾಗದ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಬುಟ್ಟಿ ಮಾಡುವುದು ನಮ್ಮ ಓಣಿಯ ಹೆಂಗಸರಿಗೆ ನಿದ್ದೆಯಲ್ಲೂ ಬರುವ ಕೆಲಸ. ಪಾತ್ರೆಯ ಹೊಟ್ಟೆ ದಾಟಿ ಯಾರೂ ಮೆತ್ತುವುದಿಲ್ಲ, ಹಾಗಾಗಿ ಒಣಗಿದ ಮೇಲೆ ಅದು ಸಲೀಸಾಗಿ ಕಳಚಿ ಬರುತ್ತದೆ. ಅಂಬವ್ವ ಮಗಳ ಊರಿಗೆ ಹೋಗಿದ್ದಳು, ಹೇಳುವವರಿರಲಿಲ್ಲ. ಮಂದಾ ನನ್ನನ್ನು ಬೋರಲು ಹಾಕಿ ಮೆತ್ತತೊಡಗಿದಳು. ಹಣೆ ಬಂತು, ಕೆನ್ನೆ ಬಂತು, ಮೂಗು ಬಂತು. ಕುತ್ತಿಗೆ ಬೇಕಲ್ಲ! ನನ್ನ ಸಣ್ಣ ಕುತ್ತಿಗೆಯ ಸುತ್ತಲೂ ಮೆತ್ತಿಬಿಟ್ಟಳು.

ಬಿಸಿಲಿಗೆ ಅದು ಕಲ್ಲಾಯಿತು. ಅವಳು ಎಳೆದಳು, ತಿರುವಿದಳು, ನೆಲಕ್ಕೆ ಕಾಲು ಕೊಟ್ಟು ಜಗ್ಗಿದಳು. ಆನೆ ಬಂದು ಜಗ್ಗಿದ್ದರೂ ನಾನು ಬರುತ್ತಿರಲಿಲ್ಲ. ಕೊನೆಗೆ ತಪ್ಪು ಕಾಣದಿರಲೆಂದು ಕೆಳಗಿನ ನನ್ನ ಬಾಯಿಗೆ ರಟ್ಟು ಅಂಟಿಸಿದಳು. ಕತ್ತಲು ಮುಚ್ಚಿಕೊಂಡಿತು. ಮೂಗಿಲ್ಲದ ನನಗೂ ಮೆಂತ್ಯದ ವಾಸನೆ ಉಸಿರು ಕಟ್ಟಿಸಿತು. ನಾನು ಕೂಗಿದ ಕೂಗಿಗೆ ಬೆಟ್ಟಗಳು ಸೀಳಬೇಕಿತ್ತು. ಹೊರಗೆ ಮಗ್ಗದ ಸದ್ದು ಮಾತ್ರ ನಡೆದೇ ಇತ್ತು.

ಅಂಬವ್ವ ವಾಪಸು ಬಂದಳು. ಅಟ್ಟದ ಮೇಲೆ, ಟವೆಲಿನಡಿ ಅಡಗಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ನನ್ನ ತಂಬಿಗಿ ಎಲ್ಲೈತಿ?"

"ನನಗೇನ ಗೊತ್ತಬೇ, ಬೆಕ್ಕು ಒಯ್ದಿರಬೇಕು."

"ಬೆಕ್ಕಿಗೆ ತಾಮ್ರದ ತಂಬಿಗಿ ಯಾಕ ಬೇಕಲೇ? ಸಂಡಾಸಕ್ಕ ಹೋಗತೈತೇನ ಅದು?"

ಮರುದಿನ ಶಾಲೆಯಲ್ಲಿ ಜಾಲಿಹಾಳ ಸರ್ ಆ ಕಾಗದದ ತಲೆಯನ್ನು ಎತ್ತಿ ತೂಗಿದರು. "ಇಷ್ಟ ಚಂದ, ಇಷ್ಟ ಭಾರ. ಬೆಟಗೇರಿ ಹೆಣ್ಮಕ್ಕಳ ಕೈ ನನಗ ಗೊತ್ತಿಲ್ಲೇನು? ಯಾರ ಮಾಡಿಕೊಟ್ರು, ಖರೇ ಹೇಳು."

"ನಾನ ಮಾಡೇನ್ರಿ ಸರ್."

"ಹಂಗಾದ್ರ ಒಳಗೇನೈತಿ?"

ಹೇಳಿದರೆ ಸುದ್ದಿ ಅಜ್ಜಿಗೆ ಮುಟ್ಟುತ್ತದೆ, ಹೇಳದಿದ್ದರೆ ಸೊನ್ನೆ. ನಾನು ಒಳಗೆ ಸಿಕ್ಕಿಬಿದ್ದ ಹಾಗೆ ಮಂದಾ ಹೊರಗೆ ಸಿಕ್ಕಿಬಿದ್ದಳು.

"ನಾಳೆ ನಿಮ್ಮಜ್ಜಿನ್ನ ಕರ್ಕೊಂಡ ಬಾ. ಅವರನ್ನ ಕೇಳತೇನಿ."

ಅಂಬವ್ವ ಬಂದಳು. ತಲೆ ನೋಡಿ ಬಾಗಿಲಲ್ಲೇ ನಿಂತಳು. "ಅಯ್ಯ ಶಿವನ, ಇದು ನಾನೇನು? ನನ್ನ ಮೂಗು ಇಷ್ಟ ದೊಡ್ಡದೈತೇನಲೇ?"

"ಇನ್ನೂ ಸಣ್ಣದ ಮಾಡೇನಬೇ."

ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಸರ್ ಕೇಳಿದರು: "ಅಜ್ಜಿ, ಇದನ್ನ ನೀವ ಮಾಡಿಕೊಟ್ಟೀರಿ, ಹೌದಿಲ್ಲೋ?"

ಅಂಬವ್ವ ಆ ಕಾಗದದ ತಲೆಯನ್ನು ಕೈಗೆತ್ತಿಕೊಂಡಳು. ಕೈ ತಡೆಯಿತು. ಒಂದು ಜೀವಮಾನ ಎತ್ತಿದ ಭಾರ ಅದು! ಬೆರಳಿನ ಗಿಣ್ಣಿನಿಂದ ಕುಟ್ಟಿದಳು. ಇದಕ್ಕೇ ಕಾಯುತ್ತಿದ್ದ ನಾನು 'ಠಣ್' ಎಂದೆ. ಆ ಸದ್ದಿಗೆ ಲಕ್ಷ್ಮೇಶ್ವರದವರೆಗಿನ ಶಾಲೆಗಳೆಲ್ಲ ಬಿಟ್ಟವು ಎಂದು ಕೇಳಿದ್ದೇನೆ.

"ನನ್ನ ತಂಬಿಗಿ! ಕಳ್ಳಿ! ಬೆಕ್ಕು ಒಯ್ತಂತ, ಬೆಕ್ಕು!" ಅಂಬವ್ವ ಮೊಮ್ಮಗಳ ಕಿವಿ ಹಿಡಿದಳು. ಹಿಡಿದುಕೊಂಡೇ ಸರ್ ಕಡೆ ತಿರುಗಿದಳು: "ನಾ ಮಾಡಿಕೊಟ್ಟೆ ಅಂತೀರೇನ್ರಿ ಮಾಸ್ತರ? ಹೊಟ್ಟಿ ದಾಟಿ ಕುತ್ತಿಗಿತನಾ ಮೆತ್ತಿ, ನನ್ನ ತಂಬಿಗಿ ನಾನ ಹೂಳಾಕ ನನಗೇನ ಹುಚ್ಚ ಹಿಡದೈತಿ? ಇಂಥಾ ದಡ್ಡ ಕೆಲಸ ನಮ್ಮ ಓಣ್ಯಾಗ ಈ ಹುಡುಗಿನ್ನ ಬಿಟ್ಟು ಬ್ಯಾರೆ ಯಾರೂ ಮಾಡಂಗಿಲ್ಲ!"

ಸರ್ ಕೆಳಗಿನ ರಟ್ಟು ಕಿತ್ತರು. ನನ್ನ ಬಾಯಿಗೆ ಒಂದಿಷ್ಟು ಬೆಳಕು ಬಿತ್ತು. ಅವರು ನಗಲು ಶುರು ಮಾಡಿದವರು ಕುರ್ಚಿ ಹಿಡಿದುಕೊಳ್ಳಬೇಕಾಯಿತು. "ಆತು ಮಂದಾ, ತಪ್ಪು ನಿಂದ ಐತಿ, ಅಂದಮ್ಯಾಲ ಕೆಲಸಾನೂ ನಿಂದ. ಶನಿವಾರದಿಂದ ಕ್ಲಾಸಿಗೆ ಬಾ."

"ಅದೆಲ್ಲ ಇರಲಿ. ನನ್ನ ತಂಬಿಗಿ ತಗದ ಕೊಡ್ರಿ," ಎಂದಳು ಅಂಬವ್ವ.

ಸರ್ ಗರಗಸದ ಬ್ಲೇಡು ತಂದರು. ಮಂದಾ ಮೂಗು ಎಳೆದುಕೊಂಡದ್ದು ಕೇಳಿಸಿತು. ನನಗೋ ಹಬ್ಬ! ಬ್ಲೇಡು ಕಾಗದದ ಕುತ್ತಿಗೆಗೆ ತಾಗಿ ಕರ್ ಎಂದಿತು.

"ತಡೀರಿ! ನನ್ನ ಕುತ್ತಿಗಿ ಕೊಯ್ಯಾಕ ಹೊಂಟೀರೇನ್ರಿ?"

"ತಂಬಿಗಿ ಬೇಕಂದ್ರೆಲ್ಲ ಅಜ್ಜಿ?"

ಅಂಬವ್ವ ಬ್ಲೇಡನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು: "ಇರಲಿ ಬಿಡ್ರಿ. ಪ್ಲಾಸ್ಟಿಕ್ ಚೊಂಬು ತರತೇನಿ."

ಪ್ಲಾಸ್ಟಿಕ್ಕಂತೆ! ಭೂಮಿ ಬಾಯಿ ಬಿಡಬಾರದಿತ್ತೇ ಆಗ!

ಸರ್ ಹೊಸ ರಟ್ಟು ಅಂಟಿಸಿ, ತಲೆಯನ್ನು ಶಾಲೆಯ ಗಾಜಿನ ಬೀರುವಿನಲ್ಲಿ ಇಟ್ಟರು. ಬೀರುವಿನ ಬೀಗ ಬಿದ್ದು ಯಾವ ಕಾಲವಾಯಿತೋ. ಸರ್ ನಿವೃತ್ತರಾದರು. ಹುಳುಗಳು ಕಾಗದದ ರುಚಿ ನೋಡಿ ನನ್ನ ಹತ್ತಿರ ಬಂದು ಹಲ್ಲು ಮುರಿದುಕೊಂಡು ಹೋಗುತ್ತವೆ. ಈಚೆಗೆ ಮಂದಾ ಅದೇ ಶಾಲೆಗೆ ಡ್ರಾಯಿಂಗ್ ಕಲಿಸಲು ಬಂದಿದ್ದಾಳೆ. ಬಂದ ದಿನ ಗಾಜಿನ ಮುಂದೆ ನಿಂತು, "ಅಜ್ಜಿ ಹೋಗಿ ವರ್ಷ ಆತು," ಎಂದು ಮೆಲ್ಲಗೆ ಹೇಳಿದಳು. ನನಗೆ ಹೇಳಿದಳೋ, ಮುಖಕ್ಕೆ ಹೇಳಿದಳೋ ತಿಳಿಯಲಿಲ್ಲ.

ನನಗೆ ವಯಸ್ಸಾಗಿದೆ, ಮೈಗೆ ಹಸಿರು ಕಿಲುಬು ಹತ್ತಿದೆ. ಆದರೂ ಮನಸ್ಸು ಮಾಡಿದರೆ ಈಗಲೂ ಒಂದೇ ಗುದ್ದಿಗೆ ಈ ತಲೆ, ಈ ಗಾಜು, ಈ ಗೋಡೆ ಸೀಳಿಕೊಂಡು ಹೊರಗೆ ಬರಬಲ್ಲೆ. ಖಂಡಿತ ಬರಬಲ್ಲೆ. ಏನು ಮಾಡಲಿ, ಮೊದಲು ಒಡೆಯುವುದು ಅಂಬವ್ವನ ಮುಖ. ಅದಕ್ಕೇ ಅಲುಗದೆ ಕೂತಿದ್ದೇನೆ.