ಅರ್ಧ ತಾಸು ಮುಂದಿದ್ದ ಗಡಿಯಾರ

ಹಳೆಯದೊಂದು ಬಣ್ಣದ ಕುಂಚ ಹಿಡಿದು ಕೀಬೋರ್ಡಿನ ಸಂದಿಗಳೊಳಗಿನ ಹತ್ತಿಯ ಧೂಳು ತೆಗೆಯುತ್ತಿದ್ದೆ. ಬನಹಟ್ಟಿಯಲ್ಲಿ ಮಗ್ಗ ಓಡುವಷ್ಟು ಹೊತ್ತೂ ಈ ಧೂಳು ಬಂದು ಕೂರುತ್ತದೆ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟ ನನಗೆ ಮಹಾಲಿಂಗಪ್ಪ ಕಾಕಾನ ಇಂಟರ್‌ನೆಟ್ ಅಂಗಡಿಯಲ್ಲಿ ಒರೆಸುವುದು, ಝೆರಾಕ್ಸ್ ತೆಗೆಯುವುದು ಕೆಲಸ. ಕಂಪ್ಯೂಟರ್ ನೋಡಿಕೊಳ್ಳುವವನು ಕಾಕಾನ ಮಗ ಅಮಿತ.

ಪಕ್ಕದ ಕುರ್ಚಿಯಲ್ಲಿ ಹಿಪ್ಪರಗಿಯ ಭಾಗ್ಯಾ ಕೂತಿದ್ದಳು. ಹಿಂದೆ ಹೆಗಲ ಮೇಲೆ ಕಂಬಳಿ ಹೊದ್ದು ಅವಳ ಅಪ್ಪ ಲಗಮಣ್ಣ ನಿಂತಿದ್ದ. ಜಮಖಂಡಿಯ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಕ್ಕರೆ ಮಾತ್ರ ಕಳಿಸುತ್ತೇನೆಂದು ಅಪ್ಪ ಹೇಳಿದ್ದ. ಹಾಸ್ಟೆಲ್ ಅರ್ಜಿಗೆ ಅಂದೇ ಕಡೆಯ ದಿನ, ಐದು ಗಂಟೆಗೆ ಮುಗಿಯುತ್ತಿತ್ತು.

ಹೆಸರು, ಪಾಸ್‌ವರ್ಡ್ ಹೊಡೆದರೆ ಅರ್ಜಿ ತೆರೆಯುತ್ತಿತ್ತು. ತುಂಬಿ ಮುಂದಿನ ಪುಟಕ್ಕೆ ಒತ್ತಿದೊಡನೆ ಮತ್ತೆ ಹೆಸರು ಕೇಳುತ್ತಿತ್ತು. ನಾಲ್ಕು ಸಲ ಹೀಗಾಯಿತು.

ಅಮಿತ ಅವರಿಗೆ ತಿಳಿಸಿ ಹೇಳಿದ. ಒಳಗೆ ಬಿಟ್ಟವರಿಗೆ ವೆಬ್‌ಸೈಟು ಒಂದು ಚೀಟಿ ಕೊಡುತ್ತದೆ, ಅದಕ್ಕೆ ಕುಕಿ ಅನ್ನುತ್ತಾರೆ, ಪುಟ ದಾಟುವಾಗ ಅದನ್ನು ತೋರಿಸಬೇಕು, ನಮ್ಮ ಕಂಪ್ಯೂಟರಿನಲ್ಲಿ ಆ ಚೀಟಿಯೇ ನಿಲ್ಲುತ್ತಿಲ್ಲ ಎಂದ. ಕುಕಿಗೆ ತಡೆ ಇದೆಯೇ ಎಂದು ನೋಡಿದ, ಇರಲಿಲ್ಲ. ಹಳೆಯವನ್ನೆಲ್ಲ ಅಳಿಸಿದ. ಬ್ರೌಸರ್ ಬದಲಿಸಿದ. ಕಡೆಗೆ ಭಾಗ್ಯಾಳನ್ನು ಎಬ್ಬಿಸಿ ಬೇರೆ ಕಂಪ್ಯೂಟರಿಗೆ ಕೂರಿಸಿದ. ಅಲ್ಲಿಯೂ ಅದೇ ಆಟ.

"ಕುರಿಗೆ ಒಮ್ಮೆ ಗುರುತು ಹಾಕಿದ್ರ ವರ್ಸ ಇರತೈತಿ," ಎಂದ ಲಗಮಣ್ಣ. "ನಿಮ್ಮ ಮಶೀನು ಮಗ್ಗಲ ತಿರಗೂದ್ರಾಗ ಮರೀತೈತಲ್ಲೋ ತಮ್ಮಾ."

ಭಾಗ್ಯಾ ನಗಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಊರಿನ ಹೆಸರು ಹೊಡೆಯತೊಡಗಿದಳು.

ನಾನು ಕುಂಚ ಹಿಡಿದೇ ಪರದೆ ನೋಡುತ್ತಿದ್ದೆ. ಅರ್ಜಿಯ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ವೆಬ್‌ಸೈಟಿನ ವೇಳೆ ಇತ್ತು: 3:58. ಅದರ ಪಕ್ಕ, ಲಾಗಿನ್ ಅವಧಿ ಇಪ್ಪತ್ತು ನಿಮಿಷ ಎಂದಿತ್ತು. ಕಂಪ್ಯೂಟರಿನ ಕೆಳಮೂಲೆಯಲ್ಲಿ 4:28.

ನಮ್ಮ ಗೋಡೆಯ ಗಡಿಯಾರ ಯಾವಾಗಲೂ ಅರ್ಧ ತಾಸು ಮುಂದೆ. ಹಳ್ಳಿಯ ಹುಡುಗಿಯರಿಗೆ ಬಸ್ಸು ತಪ್ಪಬಾರದೆಂದು ಕಾಕಾ ಇಟ್ಟ ರೂಢಿ. ಹುಡುಗಿಯರು ಗೋಡೆ ನೋಡದೆ ಪರದೆಯನ್ನೇ ನೋಡುತ್ತಾರೆಂದು ಹಿಂದಿನ ದಿನ ಮೂರೂ ಕಂಪ್ಯೂಟರುಗಳ ವೇಳೆಯನ್ನೂ ಹಾಗೆಯೇ ಮುಂದೆ ಮಾಡಿದ್ದ. ಆಗ ನಾನು ನೆಲ ಒರೆಸುತ್ತಿದ್ದೆ. ಅಮಿತ ಊರಲ್ಲಿರಲಿಲ್ಲ. ಈಗ ಅವನ ಕಣ್ಣಿಗೆ 4:28 ಬಿದ್ದರೂ, ಅಂಗಡಿಯ ಎಲ್ಲರಂತೆ ಮನಸ್ಸಿನಲ್ಲೇ ಅರ್ಧ ತಾಸು ಕಳೆದು ಓದಿಕೊಂಡಿದ್ದ.

ಅಮಿತನಿಗೆ ಬಾಯಿಬಿಟ್ಟು ತಪ್ಪು ತೋರಿಸಲು ಅಂಜಿಕೆ. ಕೆಟ್ಟ ಝೆರಾಕ್ಸ್ ಹಾಳೆಯ ಬೆನ್ನಿಗೆ ಬರೆದು ಅವನ ಮುಂದಿಟ್ಟೆ: ಚೀಟಿ 4:18ರ ತನಕ. ನಮ್ಮಲ್ಲಿ ಈಗಲೇ 4:28.

ಅವನು ಹಾಳೆ ನೋಡಿದ, ನನ್ನ ಮುಖ ನೋಡಿದ. ತಿಳಿಯಲಿಲ್ಲ. ಹೇಳಲೇಬೇಕಾಯಿತು.

"ನಾವು ಅರ್ಧ ತಾಸು ಕಳದು ನೋಡತೇವ್ರಿ ಅಣ್ಣಾ. ಮಶೀನಿಗೆ ಕಳಿಯೂದು ಗೊತ್ತಿಲ್ಲ. ಚೀಟಿ ಬರೂದ್ರಾಗ ಅದರ ವೇಳೆ ಮುಗದೈತಿ ಅಂತ ಒಗದಬಿಡತೈತಿ."

ಅಮಿತ ಪರದೆಯ ಎರಡೂ ವೇಳೆಗಳ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಮೌಸನ್ನು ನನ್ನ ಕಡೆ ಸರಿಸಿದ. "ನೀನ ಮಾಡು."

ಒರೆಸುವುದಕ್ಕಲ್ಲದೆ ನಾನು ಮೌಸು ಮುಟ್ಟಿದವಳಲ್ಲ. ಅವನು ತೋರಿಸಿದಲ್ಲಿ ಒತ್ತಿ, ಕಂಪ್ಯೂಟರಿನ ಗಡಿಯಾರವನ್ನು ಅರ್ಧ ತಾಸು ಹಿಂದೆ ಸರಿಸಿದೆ. ಭಾಗ್ಯಾ ಮತ್ತೆ ಒಳಗೆ ಹೋದಳು. ಎರಡನೆಯ ಪುಟ ತೆರೆಯಿತು. ಮೂರನೆಯದೂ ತೆರೆಯಿತು. ಫೋಟೊ ಅಪ್‌ಲೋಡ್ ಆಯಿತು. ಸರಿಪಡಿಸಿದ ಗಡಿಯಾರದಲ್ಲಿ 4:21ಕ್ಕೆ ಅರ್ಜಿಯ ನಂಬರು ಬಂತು.

ರಸೀದಿಯ ಪ್ರಿಂಟು ನಾನೇ ತೆಗೆದೆ. ಲಗಮಣ್ಣ ನಂಬರನ್ನು ನನ್ನಿಂದ ಎರಡು ಸಲ ಓದಿಸಿ, ಕಾಗದವನ್ನು ಕಂಬಳಿಯೊಳಗೆ ಮಡಿಚಿಟ್ಟ. ಭಾಗ್ಯಾ ನನ್ನ ಕುಂಚದ ಕೈಯನ್ನೇ ಹಿಡಿದುಕೊಂಡಳು, ಅವಳ ಅಂಗೈಗೆಲ್ಲ ಧೂಳಾಯಿತು.

"ಯಾವ ಸಾಲಿ ಕಲತೀವಾ ನೀ?" ಎಂದ ಲಗಮಣ್ಣ. ನಾನು ಉತ್ತರ ಕೊಡುವ ಮೊದಲೇ ಅಮಿತ ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ಅಂಗಡಿ ಸಾಲಿ."

ಅಷ್ಟರಲ್ಲಿ ಕಾಕಾ ಬಂದ. ಅಮಿತ, ಭಾಗ್ಯಾ, ಲಗಮಣ್ಣ ಮೂವರೂ ಬಾಗಿಲಲ್ಲೇ ಅವನನ್ನು ನಿಲ್ಲಿಸಿ ಒಟ್ಟಿಗೇ ಮಾತಾಡತೊಡಗಿದರು. ಅಮಿತ ನನ್ನ ಹಾಳೆಯನ್ನು ಅಪ್ಪನ ಕಣ್ಣೆದುರು ಹಿಡಿದಿದ್ದ. ನಾನು ಮೊದಲ ಸಲ ಜೋರಾಗಿ ಹೇಳಿದೆ:

"ಕಾಕಾರ, ಇನ್ನ ಮ್ಯಾಲ ಕಂಪ್ಯೂಟರಿನ ವೇಳೆ ಮುಂದ ಮಾಡಬ್ಯಾಡ್ರಿ."