ಎರಡೂ ಎಡಗೈ

ಎಡಗೈಯ ತೋರುಬೆರಳಿನ ಮೇಲೆ ಉಣ್ಣೆಯ ಎಳೆ ಹರಿದು ಹರಿದು ಕಾಲುವೆಯೇ ಬಿದ್ದಿತ್ತು. ಚಳಿ ಹತ್ತಿತೆಂದರೆ ಆ ಕಾಲುವೆ ಬಿರಿಯುತ್ತಿತ್ತು, ಬಿರಿದಲ್ಲಿ ರಕ್ತ ಜಿನುಗುತ್ತಿತ್ತು. ಬಿಳಿಯ ಉಣ್ಣೆಗೆ ಒಂದು ಹನಿ ತಗುಲಿದರೂ ಕೂಲಿಗೆ ಟೋಪಿ ಹೆಣೆಸುವ ಕಂಪನಿಯ ಏಜೆಂಟನು ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದನು. ಆದುದರಿಂದ ಕೊಕ್ಕೆಯಕ್ಕ ಬೆರಳಿಗೆ ಮೇಣ ಸವರಿ, ಬಟ್ಟೆಯ ಚೂರು ಸುತ್ತಿಕೊಂಡೇ ಕೆಲಸಕ್ಕೆ ಕೂರುತ್ತಿದ್ದಳು.

ಕೂರುತ್ತಿದ್ದಳೆಂಬುದು ಮಾತಿಗೆ ಮಾತ್ರ. ಒಂದೆಡೆ ನಿಲ್ಲಲಾರದ ಜೀವ ಅದು. ಕಿಟಕಿಯ ಬಳಿ ನಾಲ್ಕು ಸುತ್ತು ಹೆಣೆದರೆ ಬಾಗಿಲ ಬಳಿ ಎರಡು. ಒಲೆಯ ಮೇಲಿನ ನೀರು ಕುದಿಯುವವರೆಗೆ ನಿಂತೇ ಒಂದು. ಗಂಡ ತೀರಿಕೊಂಡ ಮೇಲೆ ಕೋಣೆಯ ಬಾಡಿಗೆ, ಅತ್ತೆಯ ಕೆಮ್ಮಿನ ಔಷಧ, ಮಗಳ ಶಾಲೆ, ಎಲ್ಲವೂ ಆ ಒಂದು ಕೊಕ್ಕೆಕಡ್ಡಿಗೆ ಜೋತುಬಿದ್ದಿದ್ದವು.

ಇದ್ದುದು ಒಂದೇ ಕೋಣೆ. ಗೋಡೆಯ ಬದಿಯೆಲ್ಲ ಉಣ್ಣೆಯ ಮೂಟೆಗಳಿಗೆ, ಉಳಿದ ಜಾಗ ಮನುಷ್ಯರಿಗೆ. ನವಿರಾದ ಎಳೆಗಳು ಗಾಳಿಯಲ್ಲಿ ತೇಲಿ ಕುಡಿಯುವ ನೀರಿಗೂ ಬೀಳುತ್ತಿದ್ದವು. ಕೆಮ್ಮು ಬಂದಾಗಲೆಲ್ಲ ಅತ್ತೆ, "ಇನ್ನೊಂದು ಚಳಿಗಾಲ ಕಳೆದ್ರೆ ನನ್ನ ಹೊಟ್ಟೆಯೊಳಗೇ ಒಂದು ಟೋಪಿ ತಯಾರಾಗುತ್ತೆ ಕಣೇ. ಏಜೆಂಟನಿಗೆ ಹೇಳ್ಬೇಡ, ಅದನ್ನೂ ಕೇಳ್ತಾನೆ" ಎನ್ನುತ್ತಿದ್ದಳು.

ಆ ವರ್ಷದ ಹೊಸ ಟೋಪಿ ಹುಟ್ಟಿದ್ದು ಮಗಳ ಕಿವಿಯಿಂದ. ಹುಡುಗಿ ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಕುಳಿರ್ಗಾಳಿಯಲ್ಲಿ ಕಂಬಗಳ ನಡುವೆ ನಿಂತು ನಿಂತು ಅವಳ ಕಿವಿ ಸೋರತೊಡಗಿತ್ತು. ಕಿವಿ ಮುಚ್ಚಿರಬೇಕು, ಇಲ್ಲವೇ ಆಟ ಬಿಡಬೇಕು ಎಂದರು ವೈದ್ಯರು. ಮಫ್ಲರ್ ಕಟ್ಟಿ ಕಳುಹಿಸಿದರೆ ಜೊತೆಗಾರರು "ಹಲ್ಲುನೋವಿನಜ್ಜಿ" ಎಂದು ಕರೆದರು. ಮಗಳು ಆ ಮಫ್ಲರನ್ನು ಗೋಲಿನ ಬಲೆಗೇ ಕಟ್ಟಿ ಬಂದಳು.

ಆಗ ಕೊಕ್ಕೆಯಕ್ಕ ಚೂರುಪಾರು ಉಣ್ಣೆಯಲ್ಲಿ ಒಂದು ಟೋಪಿ ಹೆಣೆದಳು. ತಲೆಯೇ ಚೆಂಡು: ಬಿಳಿಯ ಮೈಯ ಮೇಲೆ ಐದು ಮೂಲೆಯ ಕರಿಯ ತೇಪೆಗಳು. ಚೆಂಡನ್ನು ಎರಡೂ ಬದಿಯಿಂದ ಹಿಡಿದ ಗೋಲ್‌ಕೀಪರನ ಎರಡು ಹಳದಿ ಕೈಗಳು. ದಪ್ಪ ಬೆರಳುಗಳು ಮೇಲಕ್ಕೆ, ಅಂಗೈ ಸರಿಯಾಗಿ ಕಿವಿಯ ಮೇಲಕ್ಕೆ. ಗಾಳಿ ಸುಳಿಯದಂತೆ ಅಂಗೈಗೆ ಎರಡು ಪದರ.

ಹಾಕಿಕೊಂಡು ಕನ್ನಡಿ ನೋಡಿದ ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಎರಡೂ ಎಡಗೈ! ಒಂದು ಹೆಬ್ಬೆರಳು ಮುಂದಕ್ಕೆ, ಇನ್ನೊಂದು ಹಿಂದಕ್ಕೆ!"

ಹೌದಲ್ಲ! ಬಲಗೈಯಲ್ಲಿ ಕೊಕ್ಕೆಕಡ್ಡಿ. ಕಣ್ಣೆದುರು ಬಿಡಿಸಿ ನೋಡಲು ಸಿಕ್ಕಿದ್ದು ಎಡಗೈಯೊಂದೇ. ಅದನ್ನೇ ನೋಡಿಕೊಂಡು ಎರಡನ್ನೂ ಹೆಣೆದುಬಿಟ್ಟಿದ್ದಳು.

"ಕೊಡಿಲ್ಲಿ, ಬಿಚ್ಚಿ ಸರಿ ಮಾಡ್ತೀನಿ."

"ಬೇಡ, ಇರ್ಲಿ. ಎದುರಿನ ತಂಡಕ್ಕೆ ಗಲಿಬಿಲಿ ಆಗ್ಲಿ."

ಉಣ್ಣೆ ಹಂಚಲು ಬಂದ ಏಜೆಂಟನ ಕಣ್ಣು ಅದರ ಮೇಲೆ ಬಿತ್ತು. "ಮೇಲಿನವರಿಗೆ ತೋರಿಸಿ ನಾಡಿದ್ದು ತಂದುಕೊಡ್ತೀನಿ ಅಕ್ಕಾ. ನೀವು ಮಾಡಿದ್ದು ಅಂತ ಹೇಳ್ದೆ ಇರ್ತೀನಾ?"

ಟೋಪಿ ಮರಳಲಿಲ್ಲ. ಬದಲಿಗೆ ಮೂಟೆಗಟ್ಟಲೆ ಬಿಳಿ, ಕರಿ, ಹಳದಿ ಉಣ್ಣೆ ಬಂತು. ದೊಡ್ಡ ಪಂದ್ಯಾವಳಿಗೆ ಓಣಿಯ ಹೆಂಗಸರೆಲ್ಲ ಅದೇ ಟೋಪಿಯನ್ನು, ಒಂದೆಳೆಯೂ ಬದಲಾಗದಂತೆ, ಹೆಣೆಯಬೇಕು. ಹೆಣಿಗೆಯನ್ನು ಮುಚ್ಚಿಡುವ ಪದ್ಧತಿ ಆ ಕಸುಬಿನಲ್ಲಿಲ್ಲ. ಕೇಳಿದವರ ಬೆರಳು ಹಿಡಿದು ಕೊಕ್ಕೆಯಕ್ಕ ಕಲಿಸಿದಳು.

"ನಿನ್ನ ವಿಷ್ಯ ಮೇಲಿನೋರಿಗೆ ಹೇಳಿದ್ನಂತಾ?" ಎಂದು ಕೇಳಿದಳು ಪಕ್ಕದ ಕೋಣೆಯ ಡ್ರೈವರನ ಹೆಂಡತಿ.

"ಹೇಳಿರ್ತಾನೆ ಬಿಡು."

"ಹೇಳಿರ್ತಾನೆ, ಹೇಳಿರ್ತಾನೆ. ನನ್ನ ಗಂಡನೂ ಕುಡಿಯೋದು ಬಿಟ್ಟಿರ್ತಾನೆ."

ಮಗಳಿಗೆ ಮತ್ತೊಂದು ಟೋಪಿ ಬೇಕಾಯಿತು. ಕತ್ತರಿಸಿ ಬಿಸಾಡಿದ ಎಳೆಗಳನ್ನು ಗಂಟು ಹಾಕಿ ಹಾಕಿ ಕೊಕ್ಕೆಯಕ್ಕ ಅದನ್ನೂ ಹೆಣೆದಳು. ಕಿವಿ ಒಣಗಿತು. ಹುಡುಗಿ ಕಂಬಗಳ ನಡುವೆ ಮತ್ತೆ ನಿಂತಳು.

ಮಾಲು ಒಪ್ಪಿಸುವ ದಿನ ಹೆಂಗಸರೆಲ್ಲ ಕೊಕ್ಕೆಯಕ್ಕನ ಕೋಣೆಯಲ್ಲಿ ನೆರೆದರು. ಏಜೆಂಟನು ಅಳತೆಯ ಮರದ ತಲೆಯನ್ನು ಮೇಜಿನ ಮೇಲಿಟ್ಟನು. ಅದಕ್ಕೆ ತೊಡಿಸಿ ನೋಡುವ ತನಕ ಯಾವ ಟೋಪಿಯ ಕೊನೆಯ ಕುಣಿಕೆಯನ್ನೂ ಬಿಗಿಯಕೂಡದೆಂಬುದು ಅವನದೇ ಕಟ್ಟಳೆ. ಇನ್ನೊಂದು ಸುತ್ತು ಬೇಕೆಂದರೆ ಅಲ್ಲಿಯೇ, ಬಿಟ್ಟಿಯಾಗಿ, ಹೆಣೆದುಕೊಡಬೇಕು. ಹೀಗಾಗಿ ಒಂದೊಂದು ಟೋಪಿಯ ಅಂಚಿನಲ್ಲೂ ತೆರೆದ ಕುಣಿಕೆ ಬಿಚ್ಚಿಹೋಗದಂತೆ ಒಂದು ಪಿನ್ನು ಸಿಕ್ಕಿಸಿತ್ತು. ಹಳದಿ ಕೈಗಳು ಬೇರೆಯೇ ರಾಶಿಯಾಗಿ ಬಿದ್ದಿದ್ದವು. ಅಳತೆ ಒಪ್ಪಿದ ಮೇಲೆ ಅವುಗಳ ಹೊಲಿಗೆ.

ಆ ಹೊತ್ತಿಗೆ ಮಗಳು ಅಭ್ಯಾಸ ಮುಗಿಸಿ, ಮೊಣಕಾಲಿನ ಕೆಸರಿನೊಂದಿಗೆ, ಟೋಪಿ ತೊಟ್ಟೇ ಒಳಗೆ ಬಂದಳು.

"ಇದೆಲ್ಲಿಂದ ಬಂತು?" ಎಂದನು ಏಜೆಂಟ.

"ನಂದು. ಅಮ್ಮ ಮಾಡಿದ್ದು."

ಅವನು ಕೊಕ್ಕೆಯಕ್ಕನ ಕಡೆ ತಿರುಗಿದನು. "ಏನಕ್ಕಾ ಇದು? ಈ ನಮೂನೆ ಈಗ ಕಂಪನಿದು. ದೊಡ್ಡ ಡಿಸೈನರ್ ಹೆಸರಲ್ಲಿ ರಿಜಿಸ್ಟರ್ ಆಗಿದೆ. ಹೊರಗೆ ಒಂದೇ ಒಂದು ಕಂಡ್ರೂ ಕಳ್ಳಮಾಲು. ಬಿಚ್ಚಿ."

ಡ್ರೈವರನ ಹೆಂಡತಿ ರಾಶಿಯಿಂದ ಎರಡು ಹಳದಿ ಕೈಗಳನ್ನು ಎತ್ತಿ ಹಿಡಿದಳು. "ಸ್ವಾಮೀ, ನಿಮ್ಮ ದೊಡ್ಡ ಡಿಸೈನರ್‌ಗೆ ಎರಡೂ ಎಡಗೈಯಾ? ಪಾಪ, ಊಟ ಹೇಗೆ ಮಾಡ್ತಾರೆ?"

ಹೆಂಗಸರು ಗೊಳ್ಳೆಂದರು. ಕೊಕ್ಕೆಯಕ್ಕ ನಗಲಿಲ್ಲ. ಬಟ್ಟೆ ಸುತ್ತಿದ ತನ್ನ ಎಡಗೈಯನ್ನು ಅವನ ಮುಖದೆದುರು ಚಾಚಿದಳು. "ಇದನ್ನ ನೋಡ್ಕೊಂಡು ಹೆಣೆದದ್ದು. ಆ ತಪ್ಪು ನಂದು."

ಏಜೆಂಟನು ಆ ಕೈಯನ್ನೊಮ್ಮೆ, ರಾಶಿಯನ್ನೊಮ್ಮೆ ನೋಡಿದನು. "ತಪ್ಪೋ ಸರಿಯೋ, ಅದೂ ಕಂಪನಿದೇ."

ನಗೆ ನಿಂತಿತು. ಅವನ ದನಿ ತಗ್ಗಿತು. "ಬಿಚ್ಚಲ್ಲ ಅಂದ್ರೆ ನಾಳೆಯಿಂದ ಈ ಓಣಿಗೆ ಒಂದೆಳೆ ನೂಲು ಬರಲ್ಲ. ನಿಮ್ಮೊಬ್ಬರಿಗಲ್ಲ, ಎಲ್ಲರಿಗೂ."

ಮೂವತ್ತು ಕಣ್ಣುಗಳು ಕೊಕ್ಕೆಯಕ್ಕನ ಮೇಲೆ ನಿಂತವು. ಅವುಗಳಲ್ಲಿ ಮರುಕವಿತ್ತು, ಭಯವೂ ಇತ್ತು. ಅವಳು ಕಿಟಕಿಯವರೆಗೆ ಹೋದಳು. ಬಾಗಿಲವರೆಗೆ ಬಂದಳು. ಕೈಯಲ್ಲಿ ನೂಲಿಲ್ಲದಿದ್ದರೂ ಬೆರಳುಗಳು ಹೆಣೆಯುತ್ತಲೇ ಇದ್ದವು.

ಮಗಳು ಟೋಪಿ ತೆಗೆದು ತಾಯಿಯ ಕೈಗಿಟ್ಟಳು. ಕೂದಲು ಬೆವರಿಗೆ ಅಂಟಿತ್ತು. "ಬಿಚ್ಚಮ್ಮಾ. ಪರವಾಗಿಲ್ಲ. ನಾನು ಆಟ ಬಿಡ್ತೀನಿ."

"ನೋಡಿ, ಹುಡುಗಿಗೆ ಬುದ್ಧಿ ಇದೆ" ಎಂದನು ಏಜೆಂಟ.

ಆ ಮಾತು ತಗುಲಬೇಕಾದಲ್ಲಿ ತಗುಲಿತು. ಕೊಕ್ಕೆಯಕ್ಕ ಟೋಪಿಯನ್ನು ಮಗಳ ತಲೆಗೆ ಮತ್ತೆ ಹಾಕಿದಳು. ಎರಡೂ ಕಿವಿಗಳ ಮೇಲೆ ಒತ್ತಿ ಕೂರಿಸಿದಳು. ಮೇಜಿನ ಬಳಿ ಹೋಗಿ, ಒಪ್ಪಿಸಬೇಕಾದ ಟೋಪಿಗಳಲ್ಲಿ ತಾನು ಹೆಣೆದುದನ್ನು ಎತ್ತಿಕೊಂಡಳು. ಪಿನ್ನು ಕಿತ್ತಳು. ಎಳೆ ಹಿಡಿದು ಜಗ್ಗಿದಳು.

ಸರ್ರೆಂದು ಒಂದು ಸುತ್ತು ಹೋಯಿತು. ಇನ್ನೊಂದು ಹೋಯಿತು.

"ಏಯ್! ತಲೆ ಕೆಟ್ಟಿದೆಯಾ? ನಾಳೆ ಮಾಲು ಹೋಗ್ಬೇಕು!"

"ನೂಲು ನಿಮ್ಮದು, ಸ್ವಾಮಿ. ಒಂದೆಳೆಯೂ ಇಟ್ಕೊಳ್ಳಲ್ಲ. ತಗೊಂಡು ಹೋಗಿ. ಉಳಿದದ್ದು ನಮ್ಮದು."

"ಕೂಲಿ ಸಿಗಲ್ಲ!"

"ಗೊತ್ತು."

ಡ್ರೈವರನ ಹೆಂಡತಿ ಒಂದು ಗಳಿಗೆ ತನ್ನ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಳು. ಮನೆಯಲ್ಲಿ ಹಿಟ್ಟಿನ ಡಬ್ಬಿ ಬರಿದಾಗಿತ್ತು. "ಹಾಳಾಗಿ ಹೋಗ್ಲಿ" ಎಂದಳು, ಪಿನ್ನು ಕಿತ್ತಳು. ಆಮೇಲೆ ಯಾರು ಮೊದಲು, ಯಾರು ಕೊನೆ ಎಂದು ಹೇಳುವಂತಿರಲಿಲ್ಲ. ಕೋಣೆಯೆಲ್ಲ ಸರ್ರು ಸರ್ರೆಂಬ ಸದ್ದು. ಚೆಂಡುಗಳು ಕರಗಿ, ಸುರುಳಿ ಸುರುಳಿಯಾದ ಕರಿ ಬಿಳಿ ಎಳೆ ಏಜೆಂಟನ ಬೂಟುಗಳವರೆಗೆ ಏರಿತು.

"ಹಿಂದಿನ ಬೀದಿಯಲ್ಲಿ ಮಾಡಿಸ್ತೀನಿ!" ಎಂದು ಅವನು ಕೂಗಿದನು.

ಕೊಕ್ಕೆಯಕ್ಕ ಚಪ್ಪಲಿ ಮೆಟ್ಟಿದಳು. "ನಡೀರೇ, ಅವನಿಗಿಂತ ಮೊದ್ಲು ನಾವು ಹೋಗಿ ಅಲ್ಲಿನೋರಿಗೆ ಹೇಳೋಣ." ಹೆಂಗಸರು ಅವಳ ಹಿಂದೆ ಹೊರಟರು, ಅವರ ನಡುವೆ ಟೋಪಿ ತೊಟ್ಟ ಹುಡುಗಿ.

ಏಜೆಂಟನೂ ಹೊರಡಲಿದ್ದನು. ಆದರೆ ನೂಲಿಗೆ ಕಂಪನಿಯ ಮುಂದೆ ಹೊಣೆಗಾರ ಅವನೇ. ಸಿಕ್ಕಾದ ನೂಲನ್ನು ಕಂಪನಿ ಹಿಂದಕ್ಕೆ ಪಡೆಯುವುದಿಲ್ಲ, ಬಿಡಿಸಿ ಸುತ್ತಿಯೇ ಒಯ್ಯಬೇಕು. ಆ ಗುಡ್ಡೆಯ ನಡುವೆ ಉಳಿದವಳು ಅತ್ತೆಯೊಬ್ಬಳೇ. ಒಂದು ತುದಿ ಹುಡುಕಿ ತೆಗೆದು ಅವಳೆಂದಳು:

"ಬಾಪ್ಪಾ, ಎರಡೂ ಕೈ ಚಾಚು. ಸುತ್ತಿಕೊಡ್ತೀನಿ."

ಅವನು ಚಾಚಿದನು. ಅತ್ತೆ ನಿಧಾನವಾಗಿ, ಕೆಮ್ಮುತ್ತ, ಅವನ ಮಣಿಕಟ್ಟುಗಳ ಸುತ್ತ ಎಳೆ ಸುತ್ತತೊಡಗಿದಳು. ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಮೇಲಿನವರೇ ಇರಬೇಕು.

"ಅಲ್ಲಾಡಬೇಡ" ಎಂದಳು ಅತ್ತೆ. "ಇನ್ನೂ ಬಹಳ ಇದೆ."