ಮೆಟ್ಟಿಲ ನಡುವಿನ ಸಾಹೇಬ

ಎರಡೂ ಕಣ್ಣಿನ ಆಪರೇಷನ್ನಿಗೆಂದು ನಾಲ್ಕೈದು ತಿಂಗಳ ಮಟ್ಟಿಗೆ ಮಗಳ ಊರಿಗೆ ಹೊರಟಾಗ ಮಾವ ಒಂದು ತಪ್ಪು ಮಾಡಿದರು. ಕೆಳಮನೆಯ ದೊಡ್ಡ ಸೊಸೆಯನ್ನು ಕರೆದು, "ಸಾಹೇಬನ ಜವಾಬ್ದಾರಿ ನಿಂದಮ್ಮಾ. ಬೆಳಿಗ್ಗೆ ಒಂದು ಹಿಡಿ, ಸಾಯಂಕಾಲ ಒಂದು ಹಿಡಿ, ಅಷ್ಟೇ" ಎಂದರು. ಆಮೇಲೆ ಮಹಡಿ ಹತ್ತಿ ಚಿಕ್ಕ ಸೊಸೆಗೂ ಅದೇ ಮಾತನ್ನು ಅಷ್ಟೇ ಪ್ರೀತಿಯಿಂದ ಹೇಳಿದರು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಹೇಳೋಣವೆಂದರೆ ವಾರಗಿತ್ತಿಯರು ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಜಗಳದ ಮೂಲ ಒಂದು ಒದ್ದೆ ಬೆಡ್‌ಶೀಟು. ತಾರಸಿಯ ಹಗ್ಗದ ಮೇಲೆ ಚಿಕ್ಕವಳು ಹಿಂಡದೆ ಹಾಕಿದ್ದ ಶೀಟಿನ ನೀರು, ದೊಡ್ಡವಳು ಇಸ್ತ್ರಿಗೆಂದು ಮಡಚಿಟ್ಟಿದ್ದ ಗಿರಾಕಿಯ ಪರದೆಗಳ ಮೇಲೆ ಸುರಿದಿತ್ತು. ದೊಡ್ಡವಳದು ಪರದೆ ಹೊಲಿಯುವ ಕೆಲಸ. ಅವಳು ಒಂದು ಮಾತು ಆಡಿದಳು, ಇವಳು ಎರಡು ಸೇರಿಸಿದಳು. ಅಲ್ಲಿಂದ ಮುಂದೆ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಗಂಡಂದಿರಿಬ್ಬರೂ ಮಾತ್ರ ತಾರಸಿಯಲ್ಲಿ ನಿಂತು ಕದ್ದು ಚಹಾ ಕುಡಿಯುತ್ತಿದ್ದರು, ಪಾಪ, ಒಡಹುಟ್ಟಿದವರಲ್ಲವೇ.

ಮನೆ ಒಂದೇ ಆದಮೇಲೆ ವಿಷಯಗಳು ಇದ್ದೇ ಇರುತ್ತವೆ. ನೀರು ಖಾಲಿಯಾಗುತ್ತದೆ, ಗ್ಯಾಸಿನವನು ಬರುತ್ತಾನೆ. ಇಂಥ ಸುದ್ದಿಗಳನ್ನು ಅತ್ತಿಂದಿತ್ತ ಸಾಗಿಸುತ್ತಿದ್ದವರು ಮಾವ. ಅವರು ಹೋದಮೇಲೆ ಆ ಹುದ್ದೆ ಸಾಹೇಬನಿಗೆ ಬಂತು.

ಸಾಹೇಬ ಟೆರಿಯರ್ ಜಾತಿಯ ನಾಯಿ. ಮೊಳದುದ್ದದ ದೇಹ, ಕಣ್ಣ ಮೇಲೆ ಬೀಳುವ ಕಂದು ಕೂದಲು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತಾರಲ್ಲ, ಹಾಗೆ. ಬೀದಿಯ ಲಾರಿಗಳನ್ನೆಲ್ಲ ತಾನೇ ಬೊಗಳಿ ಓಡಿಸಿದೆನೆಂದು ನಂಬಿದವನು. ಇಲಿಯ ವಾಸನೆ ಬಂತೆಂದರೆ ಹೂಕುಂಡದ ಮಣ್ಣೆಲ್ಲ ಅವನ ಬೆನ್ನ ಹಿಂದೆ ಹಾರಿ ಬೀಳುತ್ತಿತ್ತು. ಗುಡ್ಡ ಅಗೆದು ಇಲಿ ಹಿಡಿದರು ಎಂದು ಜನ ನಗುತ್ತಾರೆ, ಆದರೆ ಇವನು ಆ ಇಲಿಯನ್ನು ನಿಜವಾಗಿಯೂ ಹಿಡಿದು ತಂದು ಚಪ್ಪಲಿಯ ಪಕ್ಕದಲ್ಲಿಡುತ್ತಿದ್ದ.

ಸುದ್ದಿ ಕಳಿಸುವುದಕ್ಕೂ ಒಂದು ಕ್ರಮವಿತ್ತು. ದೊಡ್ಡವಳು ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ಕೇಳುವಷ್ಟು ಜೋರಾಗಿ, "ಸಾಹೇಬಾ, ಕೆಲವರಿಗೆ ಹೇಳು, ಮೋಟರ್ ಹಾಕಿದ್ರೆ ಆಫ್ ಮಾಡೋದೂ ಕಲೀಬೇಕಂತೆ" ಎನ್ನುವಳು. ಅಷ್ಟು ಹೇಳುವ ತನಕ ಅವನು ನಿಲ್ಲಬೇಕಲ್ಲ, ಅದಕ್ಕೊಂದು ಬಿಸ್ಕತ್ತು. ಅವನು ಕುಪ್ಪಳಿಸುತ್ತ ಮೇಲೇರಿದರೆ ಅಲ್ಲಿಂದ, "ಕೆಲವರಿಗೆ ಹೇಳೋ ರಾಜಾ, ಮೋಟರ್ ಹಾಕಿದ್ದು ಅವರ ಯಜಮಾನ್ರೇ ಅಂತೆ!" ಅದಕ್ಕೂ ಒಂದು ಬಿಸ್ಕತ್ತು. ಮಾವ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿದ್ದರು. ಸಾಹೇಬ ಅಷ್ಟು ದಡ್ಡನಲ್ಲ.

ಬರಬರುತ್ತ ಸಾಹೇಬ ದಿಂಬಿನಂತಾದ. ದೊಡ್ಡವಳಿಗೆ ಮೊದಲು ಹೆಮ್ಮೆಯೇ ಆಯಿತು, ತನ್ನ ಆರೈಕೆ ಮೈಗೆ ಹತ್ತಿದೆಯೆಂದು. ದಿನವೂ ಅವನ ಕಣ್ಣಂಚು ಒರೆಸಿ, ಸಿಕ್ಕು ಬಿಡಿಸಿ, ನೆತ್ತಿಯ ಕೂದಲನ್ನು ಪರದೆಯ ಚೂರಿನಿಂದ ಕಟ್ಟುತ್ತಿದ್ದಳು. ಒಂದು ಬೆಳಿಗ್ಗೆ ಅವನು ಹಿಂಗಾಲೊಂದನ್ನು ಎತ್ತಿಕೊಂಡು ಕುಂಟತೊಡಗಿದಾಗ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ನಾಯಿ ಡಾಕ್ಟರು ಕಾಲು ಮಡಚಿ ನೋಡಿ ಹೇಳಿದರು: "ಮಂಡಿಚಿಪ್ಪು ಜಾರ್ತಿದೆ. ಈ ಸಣ್ಣ ಜಾತಿಗೆ ಇದು ಬರೋದೇ. ತೂಕ ಇಳಿಸಿದ್ರೆ ಸುಧಾರಿಸಬಹುದು. ಇಲ್ಲ ಅಂದ್ರೆ ಆಪರೇಷನ್, ಅದೂ ಈ ಕೊಬ್ಬಿನ ಮೈಗೆ ಮತ್ತಿನ ಇಂಜೆಕ್ಷನ್ ಕೊಡೋದಕ್ಕೆ ನನಗೇ ಭಯ. ಏನೇನು ಹಾಕ್ತೀರಿ?"

"ಎರಡು ಹೊತ್ತು, ಒಂದೊಂದು ಹಿಡಿ."

"ಯಾರ ಹಿಡಿ? ಆನೆದಾ?"

ದೊಡ್ಡವಳಿಗೆ ಅಳು ಬಂತು. ಮಾವನಿಗೆ ಈ ಲೋಕದಲ್ಲಿ ಉಳಿದಿದ್ದ ದೊಡ್ಡ ಸುಖವೆಂದರೆ ಸಾಹೇಬನ ಜೊತೆ ಸಂಜೆಯ ತಿರುಗಾಟ. ಅವರು ಹೊಸ ಕಣ್ಣು ಮಾಡಿಸಿಕೊಂಡು ಬಂದು ಮೊದಲು ನೋಡುವುದು ಕುಂಟುವ ನಾಯಿಯನ್ನೇ? ಅಥವಾ ನಾಯಿಯೇ ಇಲ್ಲದ ಬುಟ್ಟಿಯನ್ನೇ? ಅಂದಿನಿಂದ ಹಿಡಿಯನ್ನು ಅರ್ಧ ಮಾಡಿದಳು. ಸಾಹೇಬ ಖಾಲಿ ತಟ್ಟೆ ನೆಕ್ಕಿ ಅವಳ ಮುಖ ನೋಡುವನು, ಅವಳು ಮುಖ ತಿರುಗಿಸಿಕೊಳ್ಳುವಳು. ಆದರೂ ಅವನ ತೂಕ ಏರಿತೇ ಹೊರತು ಇಳಿಯಲಿಲ್ಲ.

ಗುಟ್ಟು ರಟ್ಟಾಗಿದ್ದು ಒಂದು ಮಧ್ಯಾಹ್ನ. ತೊಳೆದ ಪರದೆಗಳ ಬಕೆಟ್ ಹಿಡಿದು ತಾರಸಿಗೆ ಹೋಗುವಾಗ ಮಹಡಿಯ ಬಾಗಿಲು ತೆರೆದಿತ್ತು. ಒಳಗೆ ಸಾಹೇಬ ನೀಲಿ ಬಟ್ಟಲಿನಲ್ಲಿ ಮುಖ ಹುದುಗಿಸಿದ್ದ. ಪಕ್ಕದಲ್ಲಿ ಕೂತು ಬೆನ್ನು ಸವರುತ್ತ ಚಿಕ್ಕವಳು, "ತಿನ್ನೋ ಕಂದಾ. ಕೆಳಗೆ ನಿನ್ನ ಉಪವಾಸ ಕೆಡವಿದ್ದಾರೆ ಅಂತ ಕಾಣುತ್ತೆ" ಎನ್ನುತ್ತಿದ್ದಳು.

ದೊಡ್ಡವಳ ಮೈ ಉರಿದುಹೋಯಿತು. ಆದರೂ ಮಾತು ಬಿಟ್ಟವಳು ಬಿಟ್ಟವಳೇ. ಕೆಳಗಿಳಿದು ಬಂದು ಸಾಹೇಬನನ್ನು ಕರೆದಳು, ಬಿಸ್ಕತ್ತು ಕೊಟ್ಟಳು, ಗಂಟಲು ಸರಿಮಾಡಿಕೊಂಡಳು. "ಕೆಲವರಿಗೆ ಹೇಳು! ಡಾಕ್ಟರು ನಿನಗೆ ಊಟ ಕಡಿಮೆ ಮಾಡು ಅಂದಿದ್ದಾರೆ!"

ಮೇಲಿನಿಂದ ಉತ್ತರ ಬಂತು: "ಡಾಕ್ಟರ ಹೆಸರು ಹೇಳಿ ನಾಯಿನ ತಮ್ಮದು ಮಾಡ್ಕೊಳ್ಳೋದು ಬೇಡ ಅಂತ ಹೇಳೋ ರಾಜಾ!" ಜೊತೆಗೆ ಬಿಸ್ಕತ್ತು.

ನಾಲ್ಕು ದಿನ ಈ ವಾದ ನಡೆಯಿತು. ಊಟ ಕಡಿಮೆ ಮಾಡಬೇಕೆಂಬ ವಾದಕ್ಕೇ ಸಾಹೇಬ ತಿಂದ ಬಿಸ್ಕತ್ತಿಗೆ ಲೆಕ್ಕವಿಲ್ಲ. ಐದನೆಯ ದಿನ, ದೊಡ್ಡವಳ ಖಾರದ ಮಾತೊಂದನ್ನು ಹೊತ್ತು ಮೇಲೇರುತ್ತಿದ್ದವನು ಮೆಟ್ಟಿಲ ತಿರುವಿನಲ್ಲಿ ಕಿರುಚಿ ಕುಸಿದ.

ಕೆಳಗಿನಿಂದ ದೊಡ್ಡವಳು ಓಡಿದಳು, ಮೇಲಿನಿಂದ ಚಿಕ್ಕವಳು ಓಡಿದಳು. ಸಾಹೇಬ ಇಬ್ಬರ ನಡುವೆ ಬಿದ್ದು ನಡುಗುತ್ತಿದ್ದ, ಹಿಂಗಾಲು ವಾರೆಯಾಗಿತ್ತು. ದೊಡ್ಡವಳು ಅವನನ್ನು ಮೆಲ್ಲಗೆ ಎತ್ತಿಕೊಂಡಳು. ಎದುರಿಗೆ ಚಿಕ್ಕವಳ ಕಣ್ಣಲ್ಲಿ ನೀರು. ಈಗ ಸುದ್ದಿ ಒಯ್ಯಲು ಯಾರೂ ಇರಲಿಲ್ಲ. ದೊಡ್ಡವಳ ಬಾಯಿಂದ ಮಾತು ತಾನಾಗಿ ಬಂತು.

"ನೀನು ಬೆಳಿಗ್ಗೆ ಇವನಿಗೆ ಏನು ಹಾಕಿದೆ?"

ಚಿಕ್ಕವಳು ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು.

"ಒಂದು ಹಿಡಿ, ಅಕ್ಕಾ. ಮಾವ ಹೇಳಿದಷ್ಟೇ."

"ನಿನಗೂ ಹೇಳಿದ್ರಾ?"

"ನಿಮಗೂ ಹೇಳಿದ್ರಾ?"

"ಮತ್ತೆ ಬಿಸ್ಕತ್ತು?"

"ಮಾತಿಗೊಂದು. ನಿಮ್ದು?"

"ನಂದೂ ಅಷ್ಟೇ ಕಣೇ. ಬೈಗುಳ ದೊಡ್ಡದಾದ್ರೆ ಎರಡು."

ಚಿಕ್ಕವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು, ದೊಡ್ಡವಳಿಗೂ ತಡೆಯಲಾಗಲಿಲ್ಲ. ನಗುತ್ತಲೇ, ಮೂಗೊರೆಸಿಕೊಳ್ಳುತ್ತಲೇ ಇಬ್ಬರೂ ಆಟೋ ಹಿಡಿದು ಡಾಕ್ಟರ ಬಳಿ ಓಡಿದರು. ಅವರು ಚಿಪ್ಪನ್ನು ಜಾಗಕ್ಕೆ ಕೂರಿಸಿ, ಮತ್ತೆ ತೂಕ ನೋಡಿ, ಇಬ್ಬರನ್ನೂ ಕೂಡಿಸಿಯೇ ಬೈದರು. ಎರಡು ತಿಂಗಳಲ್ಲಿ ಇಳಿಯದಿದ್ದರೆ ಆಪರೇಷನ್ನೇ ಗತಿ ಎಂದರು. ಮಾವ ಬರುವುದಕ್ಕೂ ಅಷ್ಟೇ ಸಮಯವಿತ್ತು.

ಅಂದಿನಿಂದ ಮೆಟ್ಟಿಲ ತಿರುವಿನಲ್ಲಿ ಒಂದೇ ಬಟ್ಟಲು. ಬೆಳಿಗ್ಗೆ ದೊಡ್ಡವಳ ಹಿಡಿ, ಸಾಯಂಕಾಲ ಚಿಕ್ಕವಳ ಹಿಡಿ, ಮಧ್ಯೆ ಕ್ಯಾರೆಟ್ ಚೂರು. ಕ್ಯಾರೆಟ್ಟನ್ನು ಸಾಹೇಬ ಮೊದಮೊದಲು ಹೂಕುಂಡದಲ್ಲಿ ಹೂತುಬಿಡುತ್ತಿದ್ದ. ಮೆಟ್ಟಿಲು ಹತ್ತಬಾರದೆಂದು ದೊಡ್ಡವಳು ಪರದೆ ಬಟ್ಟೆಯಲ್ಲಿ ಅವನಿಗೊಂದು ಚೀಲ ಹೊಲಿದಳು. ಅದರಲ್ಲಿ ಕೂತು, ತಲೆ ಮಾತ್ರ ಹೊರಗಿಟ್ಟು, ಅವನು ನಿಜವಾದ ಸಾಹೇಬನ ಗತ್ತಿನಲ್ಲಿ ಮಹಡಿಗೆ ಸವಾರಿ ಹೋಗುತ್ತಿದ್ದ. ಸಂಜೆ ಇಬ್ಬರೂ ಅವನನ್ನು ಸಮತಟ್ಟಾದ ಬೀದಿಯಲ್ಲಿ ನಿಧಾನವಾಗಿ ನಡೆಸುವರು. ಎರಡು ವರ್ಷದ ಮಾತು ಬಾಕಿಯಿತ್ತು, ತಿರುಗಾಟ ದಿನದಿನಕ್ಕೆ ಉದ್ದವಾಯಿತು. ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿದ ದಿನ ಇಬ್ಬರೂ ಅವರ ಮೇಜಿನ ಮುಂದೆಯೇ ತಬ್ಬಿಕೊಂಡರು.

ಮಾವ ಆಟೋದಿಂದ ಇಳಿದಾಗ ಸೊಸೆಯರಿಬ್ಬರೂ ಗೇಟಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಗುತ್ತ ನಿಂತಿದ್ದರು. ಸಾಹೇಬ ನಾಲ್ಕೂ ಕಾಲಲ್ಲಿ ಹಾರಿಬಂದು ಅವರ ಮೈಮೇಲೆರಗಿದ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆಪರೇಷನ್ ಸರಿಯಾಗಿಲ್ಲಮ್ಮಾ," ಎಂದರು. "ಏನೇನೋ ಕಾಣ್ತಿದೆ."

ಎಲ್ಲರೂ ಸುಖವಾಗಿದ್ದರು, ಸಾಹೇಬನೊಬ್ಬನನ್ನು ಬಿಟ್ಟು. ಅವನ ಕೆಲಸ ಹೋಗಿತ್ತು, ಬಿಸ್ಕತ್ತು ನಿಂತಿತ್ತು. ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿ ಕಾಯುವನು. ಯಾರೂ ಯಾರಿಗೂ ಏನೂ ಹೇಳಿ ಕಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಚೀಲದಲ್ಲಿ ಸವಾರಿ ಮಾಡಿಕೊಂಡು ತಾರಸಿಗೆ ಬಂದಿದ್ದ. ಸೊಸೆಯರಿಬ್ಬರೂ ಮಾತಿನಲ್ಲಿ ಮುಳುಗಿದ್ದಾಗ ಹಗ್ಗದಿಂದ ಚಿಕ್ಕವಳ ಒದ್ದೆ ಬೆಡ್‌ಶೀಟನ್ನು ಎಳೆದುಹಾಕಿ, ಹೂಕುಂಡದ ಮಣ್ಣಲ್ಲಿ ಹೊರಳಿಸಿ, ದೊಡ್ಡವಳು ಮಡಚಿಟ್ಟಿದ್ದ ಬಿಳಿ ಪರದೆಗಳ ಮೇಲೆ ತಂದು ಹರವಿದ. ಆಮೇಲೆ ಇಬ್ಬರ ನಡುವೆ ಕೂತು ಕಿವಿ ನಿಮಿರಿಸಿದ.

ದೊಡ್ಡವಳು ಪರದೆಗಳನ್ನು ನೋಡಿದಳು. ಚಿಕ್ಕವಳು ದೊಡ್ಡವಳನ್ನು ನೋಡಿದಳು. ಚಹಾ ಕುಡಿಯುತ್ತಿದ್ದ ಮಾವನ ಲೋಟ ಅರ್ಧದಲ್ಲೇ ನಿಂತಿತು.

"ಏನು ನೋಡ್ತಾ ನಿಂತೆ?" ಎಂದಳು ದೊಡ್ಡವಳು. "ಆ ತುದಿ ಹಿಡ್ಕೋ, ಹಿಂಡೋಣ."